ಟಿ. ವಿ. ಸುಂದರಂ ಅಯ್ಯಂಗಾರರು: ಪಳಗಿಸಿ ನಡೆಸಿದ ಹಿರಿಯರು

ಹೊಸ ಕಾವಲಿಯನ್ನು ಒಲೆಗೇರಿಸಿದ ದಿನವೇ ಗಿರಾಕಿಯ ಎಲೆಗೆ ದೋಸೆ ಬಡಿಸಲು ಹೊರಡುವ ಅಡಿಗೆಯವರು ನಮ್ಮ ಹೋಟೆಲುಗಳಲ್ಲಿ ಯಾರೂ ಇರಲಾರರು. ಎಣ್ಣೆ ಸವರುವುದು, ಕಾಯಿಸುವುದು, ಆರಿಸುವುದು, ಈರುಳ್ಳಿಯ ಹೋಳಿನಿಂದ ಉಜ್ಜುವುದು, ಪುನಃ ಕಾಯಿಸುವುದು. ಮೊದಲಿನ ನಾಲ್ಕಾರು ದೋಸೆಗಳು ಅಂಟಿ ಹರಿದರೆ ಬೇಸರಪಡದೆ ಅವನ್ನು ಬದಿಗೆ ಸರಿಸುವುದು. ಇಷ್ಟಾದ ಬಳಿಕವೇ ಕಾವಲಿ ಕೈಗೆ ಬಂದೀತೆಂಬುದನ್ನು ಎಲ್ಲರೂ ಬಲ್ಲರು. ಇದಕ್ಕೆ ಪಳಗಿಸುವುದೆಂದು ಹೆಸರು. ಆದರೆ ಅದೇ ಹೋಟೆಲಿನ ವ್ಯಾನಿಗೆ ಹೊಸ ಬ್ರೇಕ್ ಪ್ಯಾಡುಗಳನ್ನು ಹಾಕಿಸಿದಾಗ ಮಾತ್ರ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ.

ನಮಗೆ ಪರಿಚಿತವಾದ ಒಂದು ಹೋಟೆಲಿನಲ್ಲಿ ನಡೆದುದನ್ನು ಹೇಳುತ್ತೇವೆ. ರಾತ್ರಿ ಗ್ಯಾರೇಜಿನಿಂದ ಹೊಸ ಪ್ಯಾಡುಗಳೊಡನೆ ಹಿಂತಿರುಗಿದ ವ್ಯಾನನ್ನು ಮರುದಿನ ಬೆಳಗಿನ ನಾಲ್ಕು ಗಂಟೆಗೇ ಕೋಯಂಬೇಡಿನ ಮಾರುಕಟ್ಟೆಗೆ ಅಟ್ಟಲಾಯಿತು. ಮೊದಲ ಕೆಲವು ದಿನ ಮೆಲ್ಲಗೆ ನಡೆಸಬೇಕೆಂದು ಮೆಕ್ಯಾನಿಕ್ಕು ಹೇಳಿದ್ದನು. ಏಳು ಗಂಟೆಯೊಳಗೆ ತರಕಾರಿ ಬರಲೇಬೇಕೆಂದು ಮೇನೇಜರು ಹೇಳಿದ್ದರು. ಚಾಲಕನು ಎರಡನೆಯ ಮಾತನ್ನು ಪಾಲಿಸಿದನು. ತುಂಬಿದ ಭಾರದೊಡನೆ ಮೇಲ್ಸೇತುವೆಯ ಇಳಿಜಾರಿನಲ್ಲಿ ಎರಡು ಬಾರಿ ಗಟ್ಟಿಯಾಗಿ ತುಳಿದ ಬ್ರೇಕು ಮೂರನೆಯ ಬಾರಿಗೆ ಕಾಲಿಗೆ ಕಲ್ಲಿನಂತೆ ಸಿಕ್ಕಿತೇ ಹೊರತು ವ್ಯಾನು ನಿಲ್ಲಲಿಲ್ಲ. ಹೂವಿನ ತಳ್ಳುಗಾಡಿಯೊಂದು ನುಚ್ಚುನೂರಾಯಿತು. ಗಾಡಿಯವನು ಒಂದು ಕ್ಷಣ ಮೊದಲು ಪಕ್ಕಕ್ಕೆ ಸರಿದಿದ್ದುದರಿಂದ ಪ್ರಾಣ ಉಳಿಯಿತು. ಗ್ಯಾರೇಜಿನವರು ಪ್ಯಾಡು ಅಸಲಿ ಮಾಲೆಂದರು. ಯಜಮಾನರು ಚಾಲಕನ ಅಜಾಗರೂಕತೆಯೆಂದರು. ಕುಂದಾಪುರದ ಕಡೆಯ ಆ ಹುಡುಗನು ಎರಡು ತಿಂಗಳ ಸಂಬಳವನ್ನು ದಂಡ ತೆತ್ತು ಊರಿಗೆ ಹೊರಟುಹೋದನು. ವ್ಯಾನಿಗೆ ಒಂದು ಬೆಳಗಿನ ಬಿಡುವನ್ನು ಕೊಡಬೇಕಾಗಿದ್ದವರಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ನಾವು ಇಂದು ಕೇಳಬಯಸುತ್ತೇವೆ. ಅದಕ್ಕಾಗಿಯೇ, ಈ ನಗರದ ಬೀದಿಬೀದಿಗಳಲ್ಲಿ ಮೂರು ಅಕ್ಷರಗಳಾಗಿ ಉಳಿದಿರುವ ಒಬ್ಬ ಹಿರಿಯರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇವೆ. ಟಿ. ವಿ. ಎಸ್. ಎಂಬ ಅಕ್ಷರಗಳನ್ನು ನೋಡದ ಚೆನ್ನೈ ಕನ್ನಡಿಗನಿಲ್ಲ. ಅವುಗಳ ಹಿಂದಿನ ಮನುಷ್ಯನನ್ನು ಅರಿತವರು ವಿರಳ.

ತಿರುಕ್ಕುರುಂಗುಡಿ ವೆಂಗಾರಂ ಸುಂದರಂ ಅಯ್ಯಂಗಾರರು ಜನಿಸಿದುದು 1877ನೆಯ ಇಸವಿ ಮಾರ್ಚ್ 22ರಂದು. ತಿರುನೆಲ್ವೇಲಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟಗಳ ಬುಡದಲ್ಲಿರುವ ತಿರುಕ್ಕುರುಂಗುಡಿಯು ಶ್ರೀವೈಷ್ಣವರ 108 ದಿವ್ಯದೇಶಗಳಲ್ಲೊಂದು. ಸಂಪ್ರದಾಯಸ್ಥವಾದ ಆ ಊರಿನ ಮನೆಗಳಲ್ಲಿ ಮಕ್ಕಳು ಓದಿ ವಕೀಲರಾಗಬೇಕು, ಇಲ್ಲವೆ ಸರಕಾರದ ನೌಕರಿಯನ್ನು ಹಿಡಿಯಬೇಕೆಂಬುದೇ ಆ ಕಾಲದ ಅಭಿಲಾಷೆಯಾಗಿದ್ದಿತು. ತಂದೆಯ ಇಚ್ಛೆಗೆ ಮಣಿದು ಸುಂದರಂ ಅಯ್ಯಂಗಾರರು ನ್ಯಾಯಶಾಸ್ತ್ರದ ದಾರಿಯನ್ನು ಹಿಡಿದರು. ಅದು ಅವರ ಮನಸ್ಸಿಗೆ ಒಗ್ಗಲಿಲ್ಲ. ಬಳಿಕ ರೈಲ್ವೆಯಲ್ಲಿ ನೌಕರಿ ಮಾಡಿದರು. ಅನಂತರ ಬ್ಯಾಂಕೊಂದರಲ್ಲಿ ದುಡಿದರು. ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲ ಜೀವನವಿದು: ತಿಂಗಳ ಕೊನೆಯಲ್ಲಿ ಸಂಬಳ, ಮೇಜಿನ ಮೇಲೆ ಕಡತ, ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು.

ಈ ವರ್ಷಗಳು ವ್ಯರ್ಥವಾದವೆಂದು ನಾವು ಭಾವಿಸುವುದಿಲ್ಲ. ರೈಲ್ವೆಯಲ್ಲಿದ್ದವನಿಗೆ ವೇಳಾಪಟ್ಟಿಯ ಬೆಲೆ ತಿಳಿಯುತ್ತದೆ. ಬ್ಯಾಂಕಿನಲ್ಲಿದ್ದವನಿಗೆ ನಂಬಿಕೆಯ ಬೆಲೆ ತಿಳಿಯುತ್ತದೆ. ಮುಂದೆ ಅವರು ಕಟ್ಟಿದ ಸಂಸ್ಥೆಗೆ ಈ ಎರಡೇ ಅಸ್ತಿಭಾರವಾದವು. 1911ರಲ್ಲಿ, ತಮ್ಮ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಟಿ. ವಿ. ಸುಂದರಂ ಅಯ್ಯಂಗಾರ್ ಮತ್ತು ಮಕ್ಕಳು ಎಂಬ ಹೆಸರಿನ ಸಂಸ್ಥೆಯನ್ನು ಅವರು ಸ್ಥಾಪಿಸಿದರು. ಮರುವರ್ಷ, 1912ರಲ್ಲಿ, ಮಧುರೆಯನ್ನು ಕೇಂದ್ರವಾಗಿಟ್ಟುಕೊಂಡು ಬಸ್ಸಿನ ಸಂಚಾರವನ್ನು ಆರಂಭಿಸಿದರು. ನಮ್ಮ ದಕ್ಷಿಣ ಕನ್ನಡವೂ ಆಗ ಇದೇ ಮದರಾಸು ಅಧಿಪತ್ಯಕ್ಕೆ ಸೇರಿದ್ದಿತು. ಅಲ್ಲಿಯೂ 1914ರಲ್ಲಿ, ಮಂಗಳೂರಿನಲ್ಲಿ, ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿತು. ಸಿ. ಪಿ. ಸಿ. ಬಸ್ಸೆಂದರೆ ಕರಾವಳಿಯ ಹಿರಿಯರ ಕಣ್ಣು ಅರಳುವಂತೆಯೇ ಟಿ. ವಿ. ಎಸ್. ಬಸ್ಸೆಂದರೆ ಮಧುರೆಯ ಹಿರಿಯರ ಕಣ್ಣೂ ಅರಳುತ್ತದೆ.

ಅಂದಿನ ರಸ್ತೆ ಎತ್ತಿನ ಗಾಡಿಗಳದು. ಲಾಳದಿಂದ ಕಳಚಿಬಿದ್ದ ಮೊಳೆಗಳು ಧೂಳಿನಲ್ಲಿ ಅಡಗಿದ್ದು ಬಸ್ಸಿನ ಚಕ್ರಕ್ಕೆ ನೆಡುತ್ತಿದ್ದವು. ಚಕ್ರ ಒಡೆದರೆ ವೇಳೆ ತಪ್ಪುತ್ತಿತ್ತು. ಅಯ್ಯಂಗಾರರ ಸಂಸ್ಥೆಯವರು ದೊಡ್ಡ ಅಯಸ್ಕಾಂತವನ್ನು ಕಟ್ಟಿದ ವಾಹನವನ್ನು ರಸ್ತೆಯ ಮೇಲೆ ನಡೆಸಿ ಆ ಮೊಳೆಗಳನ್ನು ಆರಿಸಿ ತೆಗೆಸುತ್ತಿದ್ದರೆಂಬ ಕಥೆ ತಮಿಳುನಾಡಿನಲ್ಲಿ ಪ್ರಸಿದ್ಧವಾಗಿದೆ. ಅವರ ಬಸ್ಸು ಹಾದುಹೋದುದನ್ನು ನೋಡಿ ಜನರು ತಮ್ಮ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಿದ್ದರೆಂಬುದೂ ಅಷ್ಟೇ ಪ್ರಸಿದ್ಧ. ವೇಳೆಗೆ ಸರಿಯಾಗಿ ಬರುವವನು ವೇಗವಾಗಿ ಓಡುವವನೆಂದು ಸಾಮಾನ್ಯರು ತಿಳಿಯುತ್ತಾರೆ. ಹಾಗಲ್ಲ. ಹೊರಡುವ ಮೊದಲೇ ದಾರಿಯ ಮೊಳೆಯನ್ನು ಆರಿಸಿದವನು ಮಾತ್ರ ವೇಳೆಗೆ ಸರಿಯಾಗಿ ಬರಬಲ್ಲನು. ಮೇಲೆ ಹೇಳಿದ ಹೋಟೆಲಿನವರಿಗೂ ಅಯ್ಯಂಗಾರರಿಗೂ ಇದ್ದ ವ್ಯತ್ಯಾಸ ಇಷ್ಟೇ.

ಇಲ್ಲಿ ಬ್ರೇಕಿನ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಗಾಡಿಯವರು ಬಿರಿಯೆಂದು ಕರೆಯುತ್ತಿದ್ದ ಈ ಸಾಧನವು ಮೊದಲು ಬರಿಯ ಮರದ ತುಂಡಾಗಿದ್ದಿತು. ಅದನ್ನು ಚಕ್ರಕ್ಕೆ ಒತ್ತಿದರೆ ಗಾಡಿ ನಿಲ್ಲುತ್ತಿತ್ತು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಟಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜನು ನಿರ್ಮಿಸಿದ್ದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿದಳು. ಇಳಿಜಾರುಗಳಲ್ಲಿ ಮರದ ಬಿರಿ ಸವೆದುಹೋಯಿತು. ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲನ್ನು ಹೊಡೆಸಿಕೊಂಡು ಆಕೆ ಮುಂದೆ ಸಾಗಿದಳು. ಮೋಟಾರು ವಾಹನದ ಬ್ರೇಕಿಗೆ ಹೊದಿಕೆ ಬಂದ ಬಗೆ ಇದು. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನಲ್ಲಿಯೂ ಗಾಡಿಯವರು ಹಳೆಯ ಬೂಟಿನ ತೊಗಲನ್ನು ಬಿರಿಗೆ ಸಿಕ್ಕಿಸುತ್ತಿದ್ದುದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ ಬ್ರೇಕಿನ ಹೊದಿಕೆಯನ್ನು ತಯಾರಿಸುವ ಉದ್ಯಮವನ್ನೇ ಆರಂಭಿಸಿದನು. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ಪತ್ನಿಯ ಹೆಸರಿನ ಮೊದಲಕ್ಷರವನ್ನು ಸೇರಿಸಿ, ಫೆರೋಡೋ ಎಂಬ ನಾಮವನ್ನು ಅವನು ಕಟ್ಟಿದನು. ಹೊಸ ಚಪ್ಪಲಿ ಪಾದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕೆಂಬುದನ್ನು ನೆನೆದರೆ, ಪಾದರಕ್ಷೆಯ ತೊಗಲಿನಿಂದಲೇ ಬ್ರೇಕಿನ ಹೊದಿಕೆ ಹುಟ್ಟಿತೆಂಬುದು ಅರ್ಥಗರ್ಭಿತವಾಗಿದೆ. ಅಯ್ಯಂಗಾರರು ಬಸ್ಸುಗಳನ್ನು ಓಡಿಸತೊಡಗಿದ ಕಾಲದ ಮೋಟಾರುಗಳಿಗೆ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗಷ್ಟೇ ಬ್ರೇಕು. ನಾಲ್ಕೂ ಚಕ್ರಗಳ ಬ್ರೇಕು ರೂಢಿಗೆ ಬಂದುದು 1920ರ ದಶಕದಲ್ಲಿ. ಅಂತಹ ಕಾಲದಲ್ಲಿ ಪ್ರಯಾಣಿಕರ ಪ್ರಾಣವು ಯಂತ್ರಕ್ಕಿಂತ ಹೆಚ್ಚಾಗಿ ಯಂತ್ರವನ್ನು ನೋಡಿಕೊಳ್ಳುವವರ ತಾಳ್ಮೆಯನ್ನೇ ಅವಲಂಬಿಸಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವುಂಟಾದಾಗ ಅನೇಕ ಬಸ್ಸುಗಳು ಮೂಲೆ ಸೇರಿದವು. ಸುಂದರಂ ಅಯ್ಯಂಗಾರರು ಕೈಕಟ್ಟಿ ಕೂರಲಿಲ್ಲ. ಟಿ. ವಿ. ಎಸ್. ಗ್ಯಾಸ್ ಪ್ಲಾಂಟ್ ಎಂಬ ಸಾಧನವನ್ನು ಸಿದ್ಧಪಡಿಸಿದರು. ಇದ್ದಲನ್ನು ಮಿತವಾದ ಗಾಳಿಯಲ್ಲಿ ಉರಿಸಿ, ಹುಟ್ಟುವ ಅನಿಲವನ್ನು ಸೋಸಿ, ಎಂಜಿನಿಗೆ ಹಾಯಿಸುವುದೇ ಇದ್ದಲು ಗ್ಯಾಸಿನ ತತ್ತ್ವ. ಅದಕ್ಕೂ ಆತುರ ಸಲ್ಲದು. ಕೆಂಡ ಹದಕ್ಕೆ ಬರುವವರೆಗೆ ಕಾಯಲೇಬೇಕು. ಒಲೆಯ ಮುಂದೆ ಬಾಳಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸವೆದ ಟಯರುಗಳಿಗೆ ಹೊಸ ರಬ್ಬರನ್ನು ಹೊದಿಸುವ ಕಾರ್ಖಾನೆಯನ್ನೂ ಅವರು ನಡೆಸಿದರು. ಮದರಾಸು ಆಟೋ ಸರ್ವಿಸ್, ಸುಂದರಂ ಮೋಟಾರ್ಸ್ ಎಂಬ ಸಂಸ್ಥೆಗಳು ಬೆಳೆದವು. ಬಸ್ಸುಗಳು ಸದರ್ನ್ ರೋಡ್‌ವೇಸ್ ಎಂಬ ಹೆಸರಿನಲ್ಲಿ ಓಡಿದವು.

ಅವರ ಗೃಹಜೀವನದ ಒಂದು ಸಂಗತಿಯನ್ನು ಬಿಟ್ಟರೆ ಈ ಚರಿತ್ರೆ ಅಪೂರ್ಣವಾದೀತು. ಅವರ ಮಗಳು ಸೌಂದರಂ 1904ರಲ್ಲಿ ಜನಿಸಿದವರು. ವೈದ್ಯರಾಗಿದ್ದ ಪತಿಯನ್ನು ಎಳೆಯ ಹರೆಯದಲ್ಲಿಯೇ ಕಳೆದುಕೊಂಡರು. ಆ ಕಾಲದ ಶ್ರೀವೈಷ್ಣವ ಕುಟುಂಬಗಳಲ್ಲಿ ವಿಧವೆಯಾದ ಮಗಳ ಬಾಳು ಅಡಿಗೆಮನೆಯ ಕತ್ತಲಲ್ಲಿ ಮುಗಿಯುವುದು ಸಾಮಾನ್ಯವಾಗಿದ್ದಿತು. ಈ ಮಗಳಿಗೆ ಹಾಗಾಗಲಿಲ್ಲ. ತಂದೆತಾಯಿಯರ ಪ್ರೋತ್ಸಾಹದಿಂದ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿ 1936ರಲ್ಲಿ ವೈದ್ಯರಾದರು. ಗಾಂಧೀಜಿಯವರ ಆಶೀರ್ವಾದದೊಡನೆ 1940ರಲ್ಲಿ ಜಿ. ರಾಮಚಂದ್ರನ್ ಅವರನ್ನು ವಿವಾಹವಾದರು. ದಂಪತಿಗಳು 1947ರಲ್ಲಿ ದಿಂಡಿಗಲ್ಲಿನ ಬಳಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಮುರಿದುಹೋಯಿತೆಂದು ಲೋಕವು ಕೈಬಿಟ್ಟ ಬಾಳಿಗೆ ಕಾಲಾವಕಾಶವನ್ನು ಕೊಟ್ಟರೆ ಅದು ಎಷ್ಟು ಮಂದಿಗೆ ಆಸರೆಯಾದೀತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಕೊನೆಯ ದಿನಗಳಲ್ಲಿ ಅಯ್ಯಂಗಾರರು ವ್ಯವಹಾರವನ್ನು ಮಕ್ಕಳ ಕೈಗಿತ್ತು ತಾವು ಹಿಂದೆ ಸರಿದರು. ಓಡಿಸಲು ಕಲಿತವರು ಅನೇಕರು. ನಿಲ್ಲಿಸಲು ಕಲಿತವರು ಕೆಲವರು. ಅವರು ಎರಡನೆಯ ವರ್ಗಕ್ಕೂ ಸೇರಿದವರು. 1955ನೆಯ ಇಸವಿ ಏಪ್ರಿಲ್ 28ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಕೊಡೈಕನಾಲಿನಲ್ಲಿ ದಿವಂಗತರಾದರು.

ಅವರ ಹೆಸರು ಬ್ರೇಕಿನೊಡನೆ ಸೇರಿದುದು ಅವರ ನಿಧನಾನಂತರ, ನಮ್ಮ ಈ ಚೆನ್ನೈಯಲ್ಲಿಯೇ. ನಗರದ ಪಶ್ಚಿಮಕ್ಕೆ ಪಾಡಿಯೆಂಬಲ್ಲಿ ಅವರ ಮಕ್ಕಳು ಕಾರ್ಖಾನೆಗಳ ಸಾಲನ್ನೇ ಎಬ್ಬಿಸಿದರು. ವಾಹನದ ವಿದ್ಯುತ್ ಭಾಗಗಳಿಗಾಗಿ 1961ರಲ್ಲಿ ಲ್ಯೂಕಾಸ್ ಟಿ. ವಿ. ಎಸ್.; 1962ರಲ್ಲಿ ಬ್ರೇಕ್ಸ್ ಇಂಡಿಯಾ; ಅದೇ ವರ್ಷ ಲಾರಿ ಬಸ್ಸುಗಳ ಗಾಳಿಬ್ರೇಕಿಗಾಗಿ ಸುಂದರಂ ಕ್ಲೇಟನ್; 1974ರಲ್ಲಿ ಬ್ರೇಕಿನ ಹೊದಿಕೆಗಳಿಗಾಗಿಯೇ ಸುಂದರಂ ಬ್ರೇಕ್ ಲೈನಿಂಗ್ಸ್. ಆ ಬದಿಯಲ್ಲಿ ಬಸ್ಸನ್ನೇರುವವರು ಲ್ಯೂಕಾಸ್ ಎಂದೇ ನಿಲ್ದಾಣವನ್ನು ಗುರುತಿಸುತ್ತಾರೆ. ಅದೇ 1962ರಲ್ಲಿ ನಮ್ಮ ಕೆ. ಕೃಷ್ಣರಾಯರು ಕೆಥೀಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲನ್ನು ತೆರೆದರು. ಅಲ್ಲಿ ಕಾರುಗಳು ಬಂದು ನಿಂತರೆ ಕಾರಿನ ಬಾಗಿಲಿಗೇ ತಿಂಡಿ ಬರುತ್ತಿತ್ತು. 2008ರವರೆಗೆ ಅದು ನಡೆಯಿತು. ಒಂದು ಕಡೆ ಕಾರನ್ನು ನಿಲ್ಲಿಸುವ ಸಾಧನ, ಇನ್ನೊಂದು ಕಡೆ ನಿಂತ ಕಾರಿಗೆ ಉಪಚಾರ. ಎರಡೂ ಒಂದೇ ನಗರದಲ್ಲಿ ಒಂದೇ ವರ್ಷ ಹುಟ್ಟಿದುವು. ಬಸ್ಸುಗಳು 1972ರಲ್ಲಿ ರಾಷ್ಟ್ರೀಕರಣವಾಗಿ ಪಾಂಡ್ಯನ್ ರೋಡ್‌ವೇಸ್ ನಿಗಮಕ್ಕೆ ಸೇರಿದವು. ಹೊಸೂರಿನಿಂದ 1980ರಲ್ಲಿ ಹೊರಬಂದ ಟಿ. ವಿ. ಎಸ್. ಐವತ್ತು ಮೊಪೆಡ್ಡು ಬೆಂಗಳೂರು ಮೈಸೂರಿನ ಹಾಲಿನವರ, ತರಕಾರಿಯವರ ವಾಹನವೂ ಆಯಿತು. ಬಸ್ಸು ಹೋದರೂ ಹೆಸರು ಉಳಿಯಿತು.

ಇನ್ನು ನಾವು ಆರಂಭದಲ್ಲಿ ಕೇಳಿದ ವಿಷಯಕ್ಕೆ ಬರುತ್ತೇವೆ. ಕಾರ್ಖಾನೆಯು ಎಷ್ಟೇ ಒಳ್ಳೆಯ ಪ್ಯಾಡನ್ನು ಕೊಟ್ಟರೂ ಕೊನೆಯ ಒಂದು ಕೆಲಸವು ಅದನ್ನು ಹಾಕಿಸಿದವನ ಪಾಲಿಗೇ ಉಳಿಯುತ್ತದೆ. ಅದೇ ಪಳಗಿಸುವುದು. ಅದು ಏಕೆ ಬೇಕೆಂಬುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಹೊಸ ಪ್ಯಾಡಿನ ಮೈಯೂ ಹಳೆಯ ಡಿಸ್ಕಿನ ಮೈಯೂ ಒಂದನ್ನೊಂದು ಪೂರ್ತಿಯಾಗಿ ಮುಟ್ಟುವುದಿಲ್ಲ. ಉಬ್ಬಿದ ಕೆಲವೇ ತಾಣಗಳಲ್ಲಿ ತಾಗುತ್ತವೆ. ಆದುದರಿಂದ ಹಿಡಿತ ಕಡಿಮೆ. ಆ ತಾಣಗಳು ಬೇಗನೆ ಕಾಯುತ್ತವೆ. ಎರಡನೆಯದು, ಪ್ಯಾಡಿನಲ್ಲಿ ನಾನಾ ಪುಡಿಗಳನ್ನು ಬಂಧಿಸಿಡುವ ಅಂಟು ಇರುತ್ತದೆ. ಮೊದಲ ಬಾರಿ ವಿಪರೀತ ಕಾದಾಗ ಆ ಅಂಟಿನಿಂದ ಅನಿಲ ಹೊರಟು ಪ್ಯಾಡು ಮತ್ತು ಡಿಸ್ಕುಗಳ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಆಗ ಕಾಲಿಗೆ ಪೆಡಲು ಗಟ್ಟಿಯಾಗಿಯೇ ಸಿಕ್ಕರೂ ಗಾಡಿ ನಿಲ್ಲದು. ಆ ಕುಂದಾಪುರದ ಹುಡುಗನು ಕಂಡುದು ಇದೇ. ಮೂರನೆಯದು, ಮಿತವಾಗಿ ಕಾಯಿಸಿ ಆರಿಸಿದರೆ ಪ್ಯಾಡಿನ ದ್ರವ್ಯವು ಡಿಸ್ಕಿನ ಮೇಲೆ ನವಿರಾದ, ಸಮನಾದ ಲೇಪವಾಗಿ ಕೂರುತ್ತದೆ. ಕಾವಲಿಯ ಮೇಲೆ ಎಣ್ಣೆಯ ಪದರ ಕೂರುವಂತೆಯೇ ಇದು. ಕಾವಲಿಯ ಪದರವು ದೋಸೆಯನ್ನು ಬಿಡಿಸುವುದಕ್ಕೆ, ಡಿಸ್ಕಿನ ಪದರವು ಚಕ್ರವನ್ನು ಹಿಡಿಯುವುದಕ್ಕೆ, ವ್ಯತ್ಯಾಸವಿಷ್ಟೇ.

ವಿಧಾನವು ಸುಲಭವಾದುದು. ಪ್ಯಾಡು ಹಾಕಿದೊಡನೆ, ಗಾಡಿಯನ್ನು ಕದಲಿಸುವ ಮೊದಲೇ, ಪೆಡಲನ್ನು ಹಲವು ಬಾರಿ ತುಳಿಯಬೇಕು. ಹಿಂದಕ್ಕೆ ಸರಿಸಿದ ಪಿಸ್ಟನ್ನುಗಳು ಸ್ವಸ್ಥಾನಕ್ಕೆ ಬರುವವರೆಗೆ ಪೆಡಲು ಪೊಳ್ಳಾಗಿರುತ್ತದೆ. ಇದನ್ನು ಮರೆತು ಗ್ಯಾರೇಜಿನ ಗೋಡೆಗೇ ಗಾಡಿಯನ್ನು ಹಾಯಿಸಿದವರಿದ್ದಾರೆ. ಡಿಸ್ಕಿನ ಮೇಲೆ ಎಣ್ಣೆ ಜಿಡ್ಡುಗಳಿರಬಾರದು. ಆಳವಾದ ಗೀರುಗಳಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಬಳಿಕ ಮುಂಜಾನೆ, ಭಾರವಿಲ್ಲದೆ, ಜನಸಂಚಾರವಿಲ್ಲದ ಹೊರವಲಯದ ರಸ್ತೆಗೆ ಹೋಗಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಿಂದ 15 ಅಥವಾ 20ಕ್ಕೆ, ಮಧ್ಯಮವಾದ ಒತ್ತಡದಿಂದ, ಎಂಟು ಹತ್ತು ಬಾರಿ ಇಳಿಸಬೇಕು. ಪೂರ್ತಿಯಾಗಿ ನಿಲ್ಲಿಸಬಾರದು. ಪ್ರತಿ ಬಾರಿಯ ನಡುವೆ ಅರ್ಧ ನಿಮಿಷದಷ್ಟು ಬಿಡುವಿರಬೇಕು. ಅನಂತರ ಹತ್ತು ನಿಮಿಷ ಬ್ರೇಕನ್ನು ಮುಟ್ಟದೆ ಓಡಿಸಿ ಗಾಳಿಗೆ ಆರಿಸಬೇಕು. ಕಾದ ಡಿಸ್ಕಿನ ಮೇಲೆ ನೀರು ಹೊಯ್ಯುವುದಾಗಲಿ, ಕಾದಿರುವಾಗ ಪೆಡಲನ್ನು ಒತ್ತಿಹಿಡಿದು ನಿಲ್ಲುವುದಾಗಲಿ ಸಲ್ಲದು. ಮುಂದಿನ 200ರಿಂದ 300 ಕಿಲೋಮೀಟರುಗಳವರೆಗೆ, ಅಪಾಯದ ಸಂದರ್ಭದ ಹೊರತು, ಮುಂದಿನ ವಾಹನಕ್ಕೆ ಹೆಚ್ಚು ಅಂತರವನ್ನು ಬಿಟ್ಟು ಮೃದುವಾಗಿ ನಡೆಸಬೇಕು. ತಯಾರಕರ ಪತ್ರಿಕೆಯು ಬೇರೆ ಲೆಕ್ಕವನ್ನು ಹೇಳಿದರೆ ಅದೇ ಪ್ರಮಾಣ. ಪಳಗಿಸದೆ ಬಿಟ್ಟ ಪ್ಯಾಡು ಗಾಜಿನಂತೆ ಮಿರುಗಿ, ಕಿರುಚಿ, ಹಿಡಿತವನ್ನು ಕಳೆದುಕೊಳ್ಳುತ್ತದೆ.

ಗ್ಯಾರೇಜಿನಲ್ಲಿ ದುಡಿಯುವ ನಮ್ಮವರಿಗೆ ಇನ್ನೊಂದು ಮಾತು. ಹಿಂದೆ ಬ್ರೇಕಿನ ಹೊದಿಕೆಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಬಳಿಕ ಸಿದ್ಧವಾಯಿತು. ಹಳೆಯ ಬ್ರೇಕಿನ ಧೂಳನ್ನು ಬಾಯಿಂದಲೂ ಗಾಳಿಯ ಕೊಳವೆಯಿಂದಲೂ ಊದಬೇಡಿರಿ. ಒದ್ದೆ ಬಟ್ಟೆಯಿಂದ ಒರಸಿರಿ.

ಇಷ್ಟಕ್ಕೆಲ್ಲ ತಗಲುವುದು ಒಂದು ಬೆಳಗಿನ ಒಂದು ಗಂಟೆ, ಮುಂದೆ ಕೆಲವು ದಿನಗಳ ಸಹನೆ. ಅದನ್ನು ಕೊಡಬೇಕಾದವನು ಚಾಲಕನಲ್ಲ, ಯಜಮಾನ. ಚಾಲಕನ ಕಾಲು ಪೆಡಲಿನ ಮೇಲಿದ್ದರೂ ಅವನ ವೇಳೆ ಮೇನೇಜರ ಕೈಯಲ್ಲಿರುತ್ತದೆ. ತಳ್ಳುಗಾಡಿಯವನಿಗೆ ಪರಿಹಾರವನ್ನು ತೆತ್ತ ಎರಡು ತಿಂಗಳ ಸಂಬಳವು ನ್ಯಾಯವಾಗಿ ಆ ಹುಡುಗನದಲ್ಲವೆಂದೇ ನಮ್ಮ ಅಭಿಪ್ರಾಯ. ಮೊಳೆ ಆರಿಸುವ ವಾಹನವನ್ನು ರಸ್ತೆಗೆ ಕಳುಹಿಸಿದುದು ಚಾಲಕರಲ್ಲ, ಸಂಸ್ಥೆ, ಟಿ. ವಿ. ಎಸ್. ಬಸ್ಸಿನ ಚಾಲಕರು ವೇಳೆಗೆ ಸರಿಯಾಗಿ ತಲಪಿದುದು ಅದರಿಂದ.

ಊರಿನಿಂದ ರಾತ್ರಿ ರೈಲಿನಲ್ಲಿ ಬಂದಿಳಿದ ಹೊಸ ಹುಡುಗನನ್ನು ಬೆಳಿಗ್ಗೆಯೇ ಕುದಿಯುವ ಸಾರಿನ ಹಂಡೆಯ ಮುಂದೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಬ್ಯಾಂಕಿನ ಮೇಜಿನಿಂದೆದ್ದು ಮೂವತ್ತನಾಲ್ಕರಲ್ಲಿ ಹೊಸ ಬಾಳನ್ನು ತೊಡಗಿದ ತಿರುಕ್ಕುರುಂಗುಡಿಯ ಆ ಹಿರಿಯರ ಹೆಸರಿನ ಪೊಟ್ಟಣವು ಮುಂದಿನ ಬಾರಿ ನಮ್ಮ ವಾಚಕರ ಕೈಗೆ ಬಂದಾಗ, ಅದರೊಳಗಿನ ಪ್ಯಾಡಿಗೆ ಒಂದು ಬೆಳಗನ್ನೂ, ಮೊನ್ನೆ ಬಂದ ಹುಡುಗನಿಗೆ ಒಂದು ವಾರವನ್ನೂ ಕೊಡುವರೆಂದು ನಾವು ಹಾರೈಸುತ್ತೇವೆ.